ಬಸಿರಿನ ಲೆಕ್ಕಕ್ಕೆ ಹಾಕಿದ ಕಪ್ಪು ಕಲೆ

ಕಲಬುರಗಿಯಲ್ಲಿ ಚರ್ಮರೋಗ ವೈದ್ಯೆಯಾಗಿರುವ ನನ್ನ ಬಳಿಗೆ ಗರ್ಭಿಣಿಯರು ಬರುವುದು ಹೆಚ್ಚಾಗಿ ಮುಖದ ಬಂಗಿಗೆ, ಇಲ್ಲವೇ ಹೊಟ್ಟೆಯ ತುರಿಕೆಗೆ. ಶಹಾಪುರ ಕಡೆಯ ಹಳ್ಳಿಯೊಂದರಿಂದ 17ನೇ ವಾರದಲ್ಲಿ ಬಂದ ಆ ಹೆಣ್ಣುಮಗಳು ತೋರಿಸಿದ್ದು ಬಲಗಾಲಿನ ಹಿಮ್ಮಡಿಯ ಕಲೆಯನ್ನು; ಅದೂ ತಾನಾಗಿ ಬಂದದ್ದಲ್ಲ. ಕಾಲು ಬಾತಿದೆಯೇ ಎಂದು ಒತ್ತಿ ನೋಡಿದ ಊರಿನ ಆರೋಗ್ಯ ಸಹಾಯಕಿ ಪಾದವನ್ನೂ ಹೊರಳಿಸಿ ನೋಡಿದ್ದರಿಂದ ಕಲೆ ಕಣ್ಣಿಗೆ ಬಿತ್ತು. ಬಾವನ್ನು ನೋಡಲು ನಾವು ಕಣಕಾಲನ್ನು ಒತ್ತುತ್ತೇವೆಯೇ ಹೊರತು ಅಂಗಾಲನ್ನು ನೋಡುವವರು ಕಡಿಮೆ.

"ಹೋದ ವರ್ಷ ತೊಗರಿ ಕೂಳಿ ನಟ್ಟಿತ್ರಿ ಮೇಡಂ. ಆಣಿ ಆಗೇದಂತ ನಮ್ಮ ಅತ್ತಿ ಕೇರಿನ ಎಣ್ಣಿ ಹಚ್ಚಿದ್ರು. ಈಗ ಬಸುರಿ ಇದ್ದೀನಲ್ರಿ, ಮೈಮ್ಯಾಲಿನ ಮಚ್ಚಿ ಎಲ್ಲಾ ಕರ್ರಗ ಆಗ್ತಾವಂತ" ಎಂದಳು. ಈ ಕೊನೆಯ ಮಾತನ್ನು ನಾನು ವೈದ್ಯರ ಬಾಯಲ್ಲೂ ಕೇಳಿದ್ದೇನೆ. ಬಸಿರಿನಲ್ಲಿ ಮೊಲೆತೊಟ್ಟಿನ ಸುತ್ತಲ ಚರ್ಮವೂ ಹೊಟ್ಟೆಯ ನಡುಗೆರೆಯೂ ಕಪ್ಪಾಗುವುದು ನಿಜ. ಹೊಟ್ಟೆ, ಎದೆಗಳ ಚರ್ಮ ಹಿಗ್ಗುವುದರಿಂದ ಅಲ್ಲಿನ ಮಚ್ಚೆ ಅಗಲವಾಗಿ ಕಾಣುವುದೂ ಉಂಟು. ಆದರೆ ಹಿಮ್ಮಡಿ ಹಿಗ್ಗುವುದಿಲ್ಲ. ಅಲ್ಲಿನ ಕಲೆ ಬೆಳೆದರೆ ಅದನ್ನು ಬಸಿರಿನ ಲೆಕ್ಕಕ್ಕೆ ಹಾಕಲು ಬರುವುದಿಲ್ಲ. ಇಂಥ ಕಲೆಯಾಗಿ ಕಾಣಿಸಿಕೊಳ್ಳುವ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಬಿಸಿಲಿಗೆ ಬೆಂದ ಬಿಳಿಯರ ರೋಗವೆಂಬ ನಂಬಿಕೆಯೂ ನಮ್ಮ ಕಡೆಯ ರೋಗಿಗೆ ಹೊಂದುವುದಿಲ್ಲ. ಕಪ್ಪು ಮೈಬಣ್ಣದವರಲ್ಲಿ ಅದು ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಗಳಲ್ಲಿ ಹುಟ್ಟುತ್ತದೆ, ಬಿಸಿಲಿಗೂ ಅದಕ್ಕೂ ನಂಟಿಲ್ಲ.

ಕಲೆ 18 ಮಿಲಿಮೀಟರ್ ಅಗಲವಿತ್ತು. ಅಂಚು ಚೆಲ್ಲಿದ ಮಸಿಯಂತೆ ಹರಿದಿತ್ತು, ಒಂದು ಬದಿ ಕಂದು, ಇನ್ನೊಂದು ಬದಿ ಕಡುಗಪ್ಪಾಗಿ ತುಸು ಉಬ್ಬಿತ್ತು. ಅಂಗಾಲಿನ ಚರ್ಮ ಕುಂಟೆ ಹೊಡೆದ ಹೊಲದ ಹಾಗೆ. ಸಾಲು ಮತ್ತು ದಿಂಡುಗಳು ಒಂದರ ಪಕ್ಕ ಒಂದು ಓಡುತ್ತವೆ. ಸಾಮಾನ್ಯ ಮಚ್ಚೆಯಲ್ಲಿ ಬಣ್ಣ ತಗ್ಗಿನ ಸಾಲಿನಲ್ಲಿ ನಿಲ್ಲುತ್ತದೆ, ಮೆಲನೋಮದಲ್ಲಿ ದಿಂಡಿನ ಮೇಲೆ ಹರಡುತ್ತದೆ. ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೊಸ್ಕೋಪಿನಲ್ಲಿ ನೋಡಿದಾಗಲೂ ಯಾವುದು ಸಾಲು, ಯಾವುದು ದಿಂಡು ಎಂದು ಗೊಂದಲವಾದರೆ ನಾನು ಪೆನ್ನಿನ ನೀಲಿ ಶಾಯಿಯನ್ನು ಸವರಿ ಒರೆಸುತ್ತೇನೆ. ಶಾಯಿ ತಗ್ಗಿನಲ್ಲಿ ಮಾತ್ರ ಉಳಿಯುತ್ತದೆ. ಇವಳ ಹಿಮ್ಮಡಿಯಲ್ಲಿ ನೀಲಿ ಗೆರೆ ಒಂದು ಕಡೆ, ಕಪ್ಪು ಪಟ್ಟಿ ಇನ್ನೊಂದು ಕಡೆ ಸ್ಪಷ್ಟವಾಗಿ ಬೇರೆಯಾಗಿ ನಿಂತವು. ಹೆರಿಗೆಯವರೆಗೆ ಕಾಯೋಣವೆಂಬ ಯೋಚನೆ ನನ್ನ ತಲೆಯಲ್ಲೂ ಸುಳಿದಿತ್ತು. ಅದು ಅಲ್ಲಿಗೆ ಮುಗಿಯಿತು.

ಆ ಜಾಗವನ್ನು ಮರಗಟ್ಟಿಸುವ ಲಿಗ್ನೊಕೇನ್ ಚುಚ್ಚುಮದ್ದು ಗರ್ಭಕ್ಕೆ ತೊಂದರೆ ಮಾಡುವುದಿಲ್ಲವೆಂದು ಮನೆಯವರಿಗೆ ತಿಳಿಸಿ, ಉಬ್ಬಿದ ಭಾಗದಿಂದ ಪರೀಕ್ಷೆಗೆ ಚರ್ಮದ ಸಣ್ಣ ತುಂಡೊಂದನ್ನು (ಪಂಚ್ ಬಯಾಪ್ಸಿ) ತೆಗೆದೆ. ಇಲ್ಲಿ ನಾನು ತಪ್ಪಿದೆ. ಹಿಮ್ಮಡಿಯ ಸತ್ತ ಪದರವೇ ಅಷ್ಟು ದಪ್ಪವಿರುವಾಗ ನಾನು ಎಂದಿನ ಆಳಕ್ಕೆ ಕೈ ನಿಲ್ಲಿಸಿದ್ದೆ. ಮೆಲನೋಮ ಹೌದು, ಆದರೆ ಬುಡ ಕತ್ತರಿಸಿಹೋಗಿರುವುದರಿಂದ ಗಡ್ಡೆಯ ದಪ್ಪ ಅಳೆಯಲಾಗದು ಎಂದು ವರದಿ ಬಂತು. ಈ ರೋಗದಲ್ಲಿ ಮುಂದಿನ ಹೆಚ್ಚಿನ ತೀರ್ಮಾನಗಳೂ 1970ರಲ್ಲಿ ಅಮೆರಿಕದ ರೋಗಶಾಸ್ತ್ರಜ್ಞ ಅಲೆಕ್ಸಾಂಡರ್ ಬ್ರೆಸ್ಲೊ ತೋರಿಸಿಕೊಟ್ಟ ಆ ದಪ್ಪದ ಮೇಲೆಯೇ ನಿಂತಿರುವುದರಿಂದ ಅವಳನ್ನು ಮತ್ತೆ ಕರೆಸಿ, ಈ ಸಲ ಹಳದಿ ಕೊಬ್ಬು ಕಾಣುವವರೆಗೆ ಇಳಿದೆ. 1.6 ಮಿಲಿಮೀಟರ್, ಮೇಲೆ ಹುಣ್ಣಿಲ್ಲ. ನನ್ನಿಂದಾಗಿ ಹತ್ತು ದಿನ ಹೋಗಿತ್ತು.

"ಹೊಟ್ಟ್ಯಾಗಿನದು ತೆಗಸಬೇಕೇನ್ರಿ?" ಎಂದು ಅತ್ತೆ ಕೇಳಿದರು, ಸೊಸೆ ಸೆರಗಿನ ತುದಿ ಸುತ್ತುತ್ತ ಕೂತಿದ್ದಳು. ಬೇಡವೆಂದೆ. ಗರ್ಭ ತೆಗೆಸುವುದರಿಂದ ಈ ಹಂತದ ಮೆಲನೋಮ ವಾಸಿಯಾಗುವುದಿಲ್ಲ. ಒಂದೇ ದಪ್ಪದ ಗಡ್ಡೆಯಿದ್ದರೆ ಬಸಿರಿದ್ದವಳಿಗೂ ಇಲ್ಲದವಳಿಗೂ ಮುಂದಿನ ಗತಿಯಲ್ಲಿ ದೊಡ್ಡ ವ್ಯತ್ಯಾಸವಿಲ್ಲವೆಂದೇ ಹೆಚ್ಚಿನ ಅಧ್ಯಯನಗಳು ಹೇಳುತ್ತವೆ. ಶಸ್ತ್ರಚಿಕಿತ್ಸೆಗೆ ನಡುವಿನ ಮೂರು ತಿಂಗಳೇ ಅನುಕೂಲದ ಕಾಲ.

ರೋಗ ಮೊದಲು ಹರಡಬಹುದಾದ, ತೊಡೆಸಂದಿಯ ಮತ್ತು ಮಂಡಿಯ ಹಿಂದಿನ ದುಗ್ಧಗ್ರಂಥಿಗಳನ್ನು ಅಲ್ಟ್ರಾಸೌಂಡಿನಲ್ಲಿ ನೋಡಿಸಿದೆ. ಸಿಟಿ ಸ್ಕ್ಯಾನ್ ಬೇಕಿರಲಿಲ್ಲ. 21ನೇ ವಾರದಲ್ಲಿ ಹೈದರಾಬಾದಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಗಡ್ಡೆಯಿಂದ ದುಗ್ಧರಸ ಮೊದಲು ಹರಿದು ಸೇರುವ ಗ್ರಂಥಿಯನ್ನು ಹುಡುಕಲು ಟೆಕ್ನೀಷಿಯಂ ಎಂಬ ವಿಕಿರಣ ವಸ್ತುವನ್ನು ಮಾತ್ರ ಬಳಸಿದರು. ಅದರ ಪ್ರಮಾಣ ಅತಿ ಕಡಿಮೆ, ಚುಚ್ಚುವುದೂ ಪಾದಕ್ಕೆ. ಇದೇ ಹುಡುಕಾಟಕ್ಕೆ ಬಳಸುವ ನೀಲಿ ಬಣ್ಣವನ್ನು ಬೇಡವೆಂದು ನಾನು ಚೀಟಿಯಲ್ಲೇ ಬರೆದಿದ್ದೆ, ಏಕೆಂದರೆ ಅದರಿಂದ ತೀವ್ರ ಅಲರ್ಜಿಯಾದರೆ ತಾಯಿಯ ರಕ್ತದೊತ್ತಡ ಕುಸಿದು ಮಗುವಿಗೂ ಕುತ್ತು. ಬೆನ್ನಿಗೆ ಅರಿವಳಿಕೆ ಕೊಟ್ಟು, ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬೀಳದಂತೆ ಎಡಕ್ಕೆ ಓರೆಯಾಗಿ ಮಲಗಿಸಿ, ಸುತ್ತ 2 ಸೆಂಟಿಮೀಟರ್ ಚರ್ಮ ಸೇರಿಸಿ ಕಲೆಯನ್ನು ತೆಗೆದರು. ಗ್ರಂಥಿಯಲ್ಲಿ ರೋಗವಿರಲಿಲ್ಲ. ಬಸುರಿಯೊಬ್ಬಳು ವಾರಗಟ್ಟಲೆ ಕಾಲೂರದೆ ಮಲಗಿದರೆ ರಕ್ತ ಹೆಪ್ಪುಗಟ್ಟುವ ಭಯವಿರುವುದರಿಂದ ಮಾಸನ್ನು ದಾಟದ ಹೆಪಾರಿನ್ ಚುಚ್ಚುಮದ್ದನ್ನು ಮನೆಯಲ್ಲೇ ಹಾಕಿಸಿದೆವು.

ಉಳಿದದ್ದು ಮಾಸಿನ ಮಾತು. ತಾಯಿಯ ಕ್ಯಾನ್ಸರ್ ಮಾಸಿಗೆ ಹರಡುವುದು ಬಹಳ ವಿರಳ; ಹಾಗೆ ಹರಡುವವುಗಳಲ್ಲಿ ಮೆಲನೋಮವೇ ಮುಂದು. ಅದಕ್ಕಾಗಿ ಅವಳ ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ "ಮಾಸನ್ನು ಪರೀಕ್ಷೆಗೆ ಕಳಿಸಬೇಕು" ಎಂದು ಬರೆದು, ಫಾರ್ಮಲಿನ್ ಹಾಕಿದ ಅಗಲ ಬಾಯಿಯ ಡಬ್ಬಿಯನ್ನು ಹೆರಿಗೆ ಕೋಣೆಗೆ ಮುಂಚೆಯೇ ಮುಟ್ಟಿಸಿದ್ದೆ. ದಿನ ತುಂಬಿ ಸಹಜ ಹೆರಿಗೆಯಾದಾಗ ಅವಳ ತಾಯಿ, "ಮಾಸ ನಮ್ಮ ಕೈಯಾಗ ಕೊಡ್ರಿ, ಹಿತ್ತಲದಾಗ ಹುಗೀಬೇಕು" ಎಂದು ನರ್ಸಿನ ಮುಂದೆ ನಿಂತುಬಿಟ್ಟರು. ಇದನ್ನು ನಾನು ಮೊದಲೇ ಎಣಿಸಬೇಕಿತ್ತು. ಹೊಕ್ಕುಳಬಳ್ಳಿಯ ಒಂದು ತುಂಡನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟ ಮೇಲೆ ಒಪ್ಪಿದರು. ಮಾಸಿನಲ್ಲಿ ಏನೂ ಸಿಗಲಿಲ್ಲ. ಮಗುವಿನ ಚರ್ಮ, ಹೊಟ್ಟೆಗಳೂ ಚೆನ್ನಾಗಿದ್ದವು.

ಮೂರು ತಿಂಗಳಿಗೊಮ್ಮೆ ಬರುತ್ತಾಳೆ. ಗ್ರಂಥಿಗಳನ್ನು ಒತ್ತಿ ನೋಡಿ, ಎರಡೂ ಅಂಗಾಲು, ಹತ್ತೂ ಉಗುರುಗಳನ್ನು ನೋಡುತ್ತೇನೆ. ಮುಂದಿನ ಬಸಿರು ಯಾವಾಗ ಎಂದು ಗಂಡ ಕೇಳಿದಾಗ, ರೋಗ ಮರುಕಳಿಸುವ ಭಯ ಮೊದಲ ವರ್ಷಗಳಲ್ಲೇ ಹೆಚ್ಚಿರುವುದರಿಂದ ಎರಡು ವರ್ಷವಾದರೂ ತಡೆಯಿರಿ ಎಂದೆ. ಹೋದ ಸಲ ಬಂದಾಗ ಜೊತೆಗೆ ನೆಗೆಣ್ಣಿಯೂ ಬಂದಿದ್ದಳು, ತನ್ನ ಅಂಗಾಲು ತೋರಿಸಲು. ಅದು ಬರೀ ಆಣಿ.