ಐದು ಸಾವಿರ ಡಾಲರ್ ಎಲ್ಲಿ ಹೋಯಿತು?

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಮೆಕ್‌ಡೊವೆಲ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ) ಕಲ್ಲಿದ್ದಲಿನ ನಾಡು. 1950ರಲ್ಲಿ ಅಲ್ಲಿ 98,887 ಜನ ಇದ್ದರು. 2010ರ ಹೊತ್ತಿಗೆ ಉಳಿದವರು 22,113. ಗಣಿಗೆ ಯಂತ್ರ ಬಂತು, ಆಮೇಲೆ ಗಣಿಗಳೇ ಮುಚ್ಚಿದವು, ಜನ ಗಂಟುಮೂಟೆ ಕಟ್ಟಿದರು.

2012ರಲ್ಲಿ ನಾನಿದ್ದ ಸಣ್ಣ ಸೇವಾ ಸಂಸ್ಥೆ ಆ ಕೌಂಟಿಯ ಕೆಲಸಕ್ಕೆ ಅನುದಾನ ಕೇಳಬೇಕಿತ್ತು. ಹತ್ತು ವರ್ಷದಲ್ಲಿ ಅಲ್ಲಿನ ಮನೆಗಳ ಆದಾಯ ಏರಿದೆಯೋ ಇಳಿದಿದೆಯೋ ಅಂತ ಅರ್ಜಿಯಲ್ಲಿ ಒಂದು ಸಾಲು ಬರೆಯಬೇಕು. "ಅರ್ಧ ದಿನ ಸಾಕು" ಅಂದೆ. ಮೂರು ವಾರ ಹಿಡಿಯಿತು.

ಬೇಕಾದದ್ದು ಸರಾಸರಿಯಲ್ಲ, ಮಧ್ಯಾಂಕ. ಮನೆಗಳನ್ನೆಲ್ಲ ಆದಾಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವ ಮನೆಯ ಆದಾಯ. ಒಬ್ಬ ಗಣಿ ಮಾಲೀಕ ಇದ್ದರೂ ಇಲ್ಲದಿದ್ದರೂ ಅದು ಅಲುಗಾಡುವುದಿಲ್ಲ. ನಮ್ಮ ಜನಗಣತಿಯಲ್ಲಿ ಆದಾಯ ಕೇಳುವುದೇ ಇಲ್ಲ. ಊರಲ್ಲಿ ಆದಾಯ ಅಂದರೆ ನನಗೆ ಗೊತ್ತಿದ್ದದ್ದು ತಹಶೀಲ್ದಾರ್ ಕಚೇರಿಯ ಪ್ರಮಾಣಪತ್ರ ಮಾತ್ರ, ಅದನ್ನು ಎಷ್ಟು ನಂಬಬೇಕು ಅಂತ ನಿಮಗೂ ಗೊತ್ತು. ಅಮೆರಿಕದವರು ಕೇಳುತ್ತಾರೆ. 2000ದ ಜನಗಣತಿಯಲ್ಲಿ ಸುಮಾರು ಆರು ಮನೆಗೊಂದರಂತೆ ಉದ್ದನೆಯ ಫಾರಂ ಕೊಟ್ಟು ಹಿಂದಿನ ವರ್ಷದ, ಅಂದರೆ 1999ರ ಆದಾಯ ಕೇಳಿದ್ದರು. ಮೆಕ್‌ಡೊವೆಲ್ಲಿನ ಮಧ್ಯಾಂಕ 16,931 ಡಾಲರ್. ಇಡೀ ದೇಶದ್ದು 41,994.

ಆಮೇಲೆ ಆ ಉದ್ದನೆಯ ಫಾರಂ ನಿಂತುಹೋಯಿತು. ಅದರ ಜಾಗಕ್ಕೆ ಬಂದದ್ದು ವರ್ಷವಿಡೀ ನಡೆಯುವ ಅಮೆರಿಕನ್ ಕಮ್ಯೂನಿಟಿ ಸರ್ವೆ. 65,000ಕ್ಕಿಂತ ಕಡಿಮೆ ಜನ ಇರುವ ಕಡೆ ಒಂದು ವರ್ಷದ ಮಾದರಿ ಸಾಲದು. ಹಾಗಾಗಿ ಐದು ವರ್ಷದ ಉತ್ತರಗಳನ್ನು ಒಟ್ಟುಗೂಡಿಸಿ ಒಂದು ಅಂಕಿ ಕೊಡುತ್ತಾರೆ. 2006–2010ರದ್ದು 22,154.

ಐದು ಸಾವಿರ ಡಾಲರ್ ಏರಿಕೆ! ಖುಷಿಯಿಂದ ಬರೆದುಬಿಟ್ಟೆ. ಕರಡು ಓದಿದ ಸಹೋದ್ಯೋಗಿ ಒಂದೇ ಮಾತು ಕೇಳಿದಳು: "ಯಾವ ವರ್ಷದ ಡಾಲರು?"

ದಿನಬಳಕೆಯ ಬೆಲೆಗಳು ಎಷ್ಟು ಏರಿವೆ ಅಂತ ಅಳೆಯುವ ಗ್ರಾಹಕ ಬೆಲೆ ಸೂಚ್ಯಂಕ 1999ರಲ್ಲಿ 166.6, 2010ರಲ್ಲಿ 218.056. ಮೊದಲನೆಯದರಿಂದ ಎರಡನೆಯದನ್ನು ಭಾಗಿಸಿ 16,931ಕ್ಕೆ ಗುಣಿಸಿದೆ. ಬಂದದ್ದು 22,160. ಕ್ಯಾಲ್ಕ್ಯುಲೇಟರ್ ಒತ್ತಿದ್ದು ತಪ್ಪಾಯಿತೇನೋ ಅಂತ ಇನ್ನೊಮ್ಮೆ ಒತ್ತಿದೆ. ಅದೇ. ಸರ್ವೆಯವರು ಐದೂ ವರ್ಷದ ಉತ್ತರಗಳನ್ನು 2010ರ ಡಾಲರಿಗೆ ತಂದೇ ಲೆಕ್ಕ ಹಾಕಿರುತ್ತಾರೆ, ಆದ್ದರಿಂದ ಆ ಕಡೆ ಮತ್ತೆ ಏನೂ ಮಾಡಬೇಕಿಲ್ಲ. ಹತ್ತು ವರ್ಷದ ಏರಿಕೆ ಅಂದದ್ದು ಆರು ಡಾಲರ್ ಇಳಿಕೆಯಾಗಿ ನಿಂತಿತು. ಆ ಆರು ಡಾಲರಿಗೂ ಬೆಲೆ ಇಲ್ಲ ಬಿಡಿ, ಸರ್ವೆಯ ತಪ್ಪಿನ ಅಂಚು, ಅಂದರೆ ಅಂಕಿ ಆಚೀಚೆ ಆಗಬಹುದಾದಷ್ಟು, ಅದಕ್ಕಿಂತ ಎಷ್ಟೋ ದೊಡ್ಡದು.

ವರ್ಷವರ್ಷದ ಗೆರೆ ಬೇಕು ಅಂತ ಮೇಲಿನವರ ಹಟ. 2005–2009 ಮತ್ತು 2006–2010ರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಬಾಣ ಎಳೆದೆ. ಇದು ಎರಡನೇ ಪೆಟ್ಟು. ಎರಡರಲ್ಲೂ ನಾಲ್ಕು ವರ್ಷ ಅವೇ ಅಲ್ವಾ? ಬೇರೆಯಾದದ್ದು 2005 ಹೋಗಿ 2010 ಬಂದದ್ದಷ್ಟೇ. ಕೊನೆಗೆ ಜನಗಣತಿ ಬ್ಯೂರೋದ ಸೈಪ್ ಅಂದಾಜಿಗೆ ಹೋದೆ. ಅದು ಸರ್ವೆಯ ಜೊತೆ ತೆರಿಗೆ ರಿಟರ್ನಿನಂಥ ದಾಖಲೆಗಳನ್ನೂ ಸೇರಿಸಿ ಪ್ರತಿ ಕೌಂಟಿಗೂ ವರ್ಷಕ್ಕೊಂದು ಅಂಕಿ ಕೊಡುತ್ತದೆ. 2005ರಿಂದ ಅದರ ಬುಡದಲ್ಲಿರುವ ಸರ್ವೆಯೇ ಬೇರೆ. ಅಲ್ಲಿ ಗೆರೆಯನ್ನು ತುಂಡು ಮಾಡಿದೆ.

ಪಕ್ಕದ ಕೌಂಟಿಯನ್ನೂ ಸೇರಿಸಿ ಅಂದಾಗ ಎರಡು ಮಧ್ಯಾಂಕ ಕೂಡಿಸಿ ಎರಡರಿಂದ ಭಾಗಿಸಲು ಕೈ ತುರಿಸಿತು. ಹಾಗೆ ಮಾಡುವಂತಿಲ್ಲ. ಯಾವ ಆದಾಯದ ಮಟ್ಟದಲ್ಲಿ ಎಷ್ಟು ಮನೆ ಅನ್ನುವ ಪಟ್ಟಿಗಳನ್ನು ಕೂಡಿಸಬೇಕು. ಸುಮ್ನೆ ಉದಾಹರಣೆಗೆ, ಒಟ್ಟು 7,000 ಮನೆ ಅನ್ನಿ. ನಡುವಿನದು 3,500ನೆಯದು. 20,000 ಡಾಲರಿನ ಕೆಳಗೆ 3,300 ಮನೆ, 20,000ದಿಂದ 25,000ದೊಳಗೆ 500 ಮನೆ. ಆ 500ರಲ್ಲಿ 200 ದಾಟಬೇಕು. ಐದು ಸಾವಿರದಲ್ಲಿ ಐದನೇ ಎರಡು ಪಾಲು ಅಂದರೆ 2,000. ಮಧ್ಯಾಂಕ ಸುಮಾರು 22,000.

ಯಾರನ್ನು ಎಣಿಸಿದ್ದಾರೆ ಅನ್ನುವುದಂತೂ ನನ್ನನ್ನು ಜಾಸ್ತಿ ಕಾಡಿತು. ಒಂಟಿ ಮುದುಕಿ ಇರುವ ಮನೆಯೂ ಒಂದು ಮನೆಯೇ. ಕುಟುಂಬಗಳ, ಅಂದರೆ ನಂಟರು ಕೂಡಿ ಇರುವ ಮನೆಗಳ, ಅಂಕಿ ಬೇರೆ, 1999ರಲ್ಲಿ ಅದು 21,574. ಅರ್ಜಿ ಬರೆಯುವವರು ಇವೆರಡನ್ನು ಕಲಸಿಬಿಡುತ್ತಾರೆ. ಅಲ್ಲಿನ ಫೆಡರಲ್ ಜೈಲಿನ ಕೈದಿಗಳು ಕೌಂಟಿಯ ಜನಸಂಖ್ಯೆಗೆ ಸೇರುತ್ತಾರೆ, ಮನೆಗಳ ಲೆಕ್ಕಕ್ಕೆ ಸೇರುವುದಿಲ್ಲ. 2000ದಲ್ಲಿ 27,329 ಇದ್ದ ಜನ ಹತ್ತು ವರ್ಷದಲ್ಲಿ ಐದು ಸಾವಿರಕ್ಕೂ ಹೆಚ್ಚು ಇಳಿದರು. ಹಾಗಾದರೆ ನಾನು ಹೋಲಿಸಿದ್ದು ಅದೇ ಮನೆಗಳನ್ನಲ್ಲ, ಬಿಟ್ಟುಹೋಗದೆ ಉಳಿದ ಮನೆಗಳನ್ನು.

ಅರ್ಜಿ ಕಳಿಸುವ ಹಿಂದಿನ ದಿನ ಅದೇ ಸಹೋದ್ಯೋಗಿ ಮತ್ತೆ ಬಂದಳು. ಅವಳ ಅಜ್ಜಿ ಮನೆ ಆ ಕಡೆಯೇ. "ಇದರಲ್ಲಿ ಫುಡ್ ಸ್ಟ್ಯಾಂಪ್ ಸೇರಿದೆಯಾ?" ಬಡವರಿಗೆ ದಿನಸಿ ಕೊಳ್ಳಲು ಸರ್ಕಾರ ಕೊಡುವ ನೆರವು ಅದು. ಇಲ್ಲ, ಸೇರಿಲ್ಲ. ಸರ್ವೆ ಎಣಿಸುವುದು ನಗದು ಆದಾಯ. ಪಿಂಚಣಿ, ಸೋಶಿಯಲ್ ಸೆಕ್ಯುರಿಟಿ ಅನ್ನುವ ಸರ್ಕಾರಿ ಮಾಸಾಶನ ಸೇರುತ್ತವೆ, ಫುಡ್ ಸ್ಟ್ಯಾಂಪ್ ಸೇರುವುದಿಲ್ಲ. 1961ರಲ್ಲಿ ಕೆನಡಿ ಸರ್ಕಾರದ ಯೋಜನೆಯ ಮೊದಲ ಫುಡ್ ಸ್ಟ್ಯಾಂಪ್ ಕೊಟ್ಟದ್ದು ಇದೇ ಕೌಂಟಿಯ ಒಂದು ಕುಟುಂಬಕ್ಕೆ. ಅವಳು ನಕ್ಕಳು. ನಾನು ಕೋಷ್ಟಕದ ಕೆಳಗೆ ಇನ್ನೊಂದು ಅಡಿಟಿಪ್ಪಣಿ ಸೇರಿಸಿದೆ.