ಪೋಸ್ಟ್‌ಗ್ರೆಸ್: ಒಟ್ಟಿಗೆ ಬರುವ ಕ್ವೆರಿಗಳಿಗೆ ಸರದಿ ಹಾಕುವುದು ಹೇಗೆ?

ತಿಂಗಳ ಕೊನೆಯ ವರದಿಗಳೆಲ್ಲ ಒಮ್ಮೆಲೇ ಹೊರಟು ಡೇಟಾಬೇಸ್ ತೆವಳತೊಡಗಿದಾಗ, ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದಲ್ಲಿ ಮೊದಲೇ ನಿಗದಿಯಾಗಿರುವ 100 ಕನೆಕ್ಷನ್‌ಗಳ ಮಿತಿಯನ್ನು ಹಲವರು 300ಕ್ಕೆ ಏರಿಸಿಬಿಡುತ್ತಾರೆ. ಇದರಿಂದ ತೊಂದರೆ ಹೆಚ್ಚುವುದೇ ವಾಡಿಕೆ. ಪ್ರತಿ ಕನೆಕ್ಷನ್‌ಗೂ ಪ್ರತ್ಯೇಕ ಪ್ರೊಸೆಸ್ ಇರುವುದರಿಂದ, ಎಂಟು ಕೋರ್‌ಗಳ ಸರ್ವರ್‌ನಲ್ಲಿ ನೂರಾರು ಪ್ರೊಸೆಸ್‌ಗಳು ಸಿಪಿಯು, ಮೆಮೊರಿ, ಡಿಸ್ಕ್‌ಗಾಗಿ ಪೈಪೋಟಿಗೆ ಬಿದ್ದು ಎಲ್ಲ ಕ್ವೆರಿಗಳೂ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳು) ನಿಧಾನವಾಗುತ್ತವೆ. ಬೇಕಿರುವುದು ಸರದಿ.

ಮೊದಲು, ಈಗ ಏನೇನು ಓಡುತ್ತಿದೆ ಎಂದು ತೋರಿಸುವ ‘ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ’ಯಲ್ಲಿ ಕ್ವೆರಿಗಳು ಯಾವುದಕ್ಕಾಗಿ ಕಾಯುತ್ತಿವೆ ಎಂದು ನೋಡಬೇಕು. ‘ಲಾಕ್’ (ಬೇರೊಂದು ಕೆಲಸ ಡೇಟಾವನ್ನು ಹಿಡಿದಿಟ್ಟಿರುವುದು) ಎಂದಿದ್ದರೆ ಸರದಿ ಹಾಕುವುದಕ್ಕಿಂತ, ಲಾಕ್ ಹಿಡಿದು ಕುಳಿತ ಟ್ರಾನ್ಸಾಕ್ಷನ್ (ಒಟ್ಟಾಗಿ ಮುಗಿಯಬೇಕಾದ ಆದೇಶಗಳ ಗುಂಪು) ಅನ್ನು ಹುಡುಕಿ ಚಿಕ್ಕದಾಗಿಸುವುದೇ ಪರಿಹಾರ.

ಎರಡನೆಯದಾಗಿ, ಏಕಕಾಲಕ್ಕೆ ಎಷ್ಟು ಕ್ವೆರಿಗಳು ಓಡಬೇಕೆಂದು ನಿರ್ಧರಿಸಬೇಕು. ಕೋರ್‌ಗಳ ಸಂಖ್ಯೆಯ ಎರಡರಷ್ಟಕ್ಕೆ ಡಿಸ್ಕ್‌ಗಳ ಸಂಖ್ಯೆಯನ್ನು ಕೂಡಿಸುವುದು ಬಳಕೆಯಲ್ಲಿರುವ ಲೆಕ್ಕ; ಎಂಟು ಕೋರ್, ಒಂದು ಡಿಸ್ಕ್ ಇದ್ದರೆ 17. ಇದು ಆರಂಭದ ಅಂದಾಜು ಮಾತ್ರ.

ಮೂರನೆಯದಾಗಿ, ಅಪ್ಲಿಕೇಶನ್ ಮತ್ತು ಡೇಟಾಬೇಸ್ ನಡುವೆ ಕನೆಕ್ಷನ್‌ಗಳನ್ನು ಹಂಚುವ ‘ಪಿಜಿಬೌನ್ಸರ್’ ತಂತ್ರಾಂಶವನ್ನು ಕೂರಿಸಿ, ಅದನ್ನು ‘ಟ್ರಾನ್ಸಾಕ್ಷನ್’ ವಿಧಾನದಲ್ಲಿ, ಅಂದರೆ ಒಂದು ಟ್ರಾನ್ಸಾಕ್ಷನ್ ಮುಗಿದೊಡನೆ ಕನೆಕ್ಷನ್ ಇನ್ನೊಬ್ಬರಿಗೆ ಸಿಗುವಂತೆ, ಇಡಬೇಕು. ಪೂಲ್ (ಆ ಅಂದಾಜಿನಷ್ಟು ತೆರೆದಿಟ್ಟ ಕನೆಕ್ಷನ್‌ಗಳ ಗುಂಪು) ತುಂಬಿದ ಮೇಲೆ ಬಂದ ಕ್ವೆರಿಗಳು ಡೇಟಾಬೇಸ್‌ಗೆ ಹೊರೆಯಾಗದೆ ಅಲ್ಲಿಯೇ ಕಾಯುತ್ತವೆ. ಆದರೆ ಈ ವಿಧಾನದಲ್ಲಿ ಇಡೀ ಸೆಶನ್‌ಗೆ, ಅಂದರೆ ಕನೆಕ್ಷನ್ ಇರುವಷ್ಟೂ ಹೊತ್ತು ಅನ್ವಯಿಸುವ ‘ಸೆಟ್’ (ಸೆಟ್ಟಿಂಗ್ ಬದಲಿಸುವುದು), ‘ಲಿಸನ್’ (ಸೂಚನೆಗೆ ಕಾಯುವುದು) ಆದೇಶಗಳನ್ನು ನಂಬುವಂತಿಲ್ಲ. ಅವುಗಳನ್ನು ಬಳಸುವ ಕೋಡ್ ಅನ್ನು ಮೊದಲೇ ಬದಲಾಯಿಸಿಕೊಳ್ಳಬೇಕು.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಮುಂದಿನ ಹೆಜ್ಜೆ: ಉದ್ದದ ವರದಿಗಳನ್ನೂ ಗ್ರಾಹಕರು ಕಾಯುತ್ತಿರುವ ಚಿಕ್ಕ ಕ್ವೆರಿಗಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬಾರದು. ಪಿಜಿಬೌನ್ಸರ್ ಪ್ರತಿ ಬಳಕೆದಾರ–ಡೇಟಾಬೇಸ್ ಜೋಡಿಗೂ ಬೇರೆ ಪೂಲ್ ಇಡುವುದರಿಂದ, ವರದಿಗಳಿಗೆ ಬೇರೆ ಬಳಕೆದಾರನನ್ನೂ ಬೇರೆ ಡೇಟಾಬೇಸ್ ಹೆಸರನ್ನೂ ಕೊಟ್ಟು, ಆ ಹೆಸರಿನ ಪೂಲ್ ಗಾತ್ರವನ್ನು ಮೂರಕ್ಕೆ ಇಳಿಸಬಹುದು. ಆಗ ವರದಿ ಬಳಕೆದಾರನಿಗೆ ‘ವರ್ಕ್_ಮೆಮ್’ (ಕ್ವೆರಿಯ ಕೆಲಸಕ್ಕೆ ಸಿಗುವ ಮೆಮೊರಿಯ ಮಿತಿ) ಅನ್ನು 4 ಎಂಬಿಯಿಂದ, ಉದಾಹರಣೆಗೆ, 64 ಎಂಬಿಗೆ ಧೈರ್ಯವಾಗಿ ಏರಿಸಬಹುದು. ಈ ಮಿತಿ ಅನ್ವಯಿಸುವುದು ಇಡೀ ಕ್ವೆರಿಗಲ್ಲ, ಅದರೊಳಗಿನ ಸಾರ್ಟ್‌ನಂಥ (ಸಾಲಾಗಿ ಜೋಡಿಸುವ) ಪ್ರತಿ ಕೆಲಸಕ್ಕೆ. ಆದ್ದರಿಂದ ನೂರು ವರದಿಗಳು ಒಟ್ಟಿಗೆ ಓಡುವಾಗ ಅಪಾಯಕಾರಿಯಾದ ಅಂಕಿ, ಮೂರೇ ಓಡುವಾಗ ಡಿಸ್ಕ್‌ಗೆ ಬರೆಯುವ ಕೆಲಸವನ್ನು ತಪ್ಪಿಸುತ್ತದೆ.

ಒಂದೇ ದೊಡ್ಡ ಟೇಬಲ್ ಅನ್ನು ಇಡಿಯಾಗಿ ಓದುವ ವರದಿಗಳನ್ನು ಜೊತೆಯಾಗಿ ಹೊರಡಿಸುವುದು ಒಳ್ಳೆಯದು, ಏಕೆಂದರೆ 8.3ನೇ ಆವೃತ್ತಿಯಿಂದ ಪೋಸ್ಟ್‌ಗ್ರೆಸ್ ಅಂಥ ಓದುಗಳನ್ನು ಹೊಂದಿಸಿ, ಡಿಸ್ಕ್‌ನಿಂದ ಒಮ್ಮೆ ತಂದ ಪುಟವನ್ನು ಹಂಚಿಕೊಳ್ಳಲು ಬಿಡುತ್ತದೆ.

ಕೊನೆಗೆ ಪಿಜಿಬೌನ್ಸರ್‌ನ ‘ಶೋ ಪೂಲ್ಸ್’ ಆದೇಶ ತೋರಿಸುವ ‘ಮ್ಯಾಕ್ಸ್‌ವೇಟ್’ (ಸಾಲಿನ ಮೊದಲಿಗ ಎಷ್ಟು ಹೊತ್ತಿನಿಂದ ಕಾಯುತ್ತಿದ್ದಾನೆ ಎಂಬ ಅಂಕಿ) ಗಮನಿಸಬೇಕು. ಕಾಯುವ ಸಮಯ ಬೆಳೆಯುತ್ತಿದ್ದು ಸಿಪಿಯು, ಡಿಸ್ಕ್ ಎರಡೂ ಬಿಡುವಾಗಿದ್ದರೆ ಪೂಲ್ ಅನ್ನು ತುಸು ಹಿಗ್ಗಿಸಿ. ಅವು ತುಂಬಿದ್ದರೆ ಪೂಲ್ ಮುಟ್ಟದೆ, ಹೆಚ್ಚು ಹೊತ್ತು ತಿನ್ನುವ ಕ್ವೆರಿಯ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಪಟ್ಟಿ) ಕಡೆಗೆ ಹೋಗಿ.