ಬಿಚ್ಚಿ ಮತ್ತೆ ಕಟ್ಟಬಹುದಾದ ಆಲ್ಬಂ

ಧಾರವಾಡದಲ್ಲಿ ಬೈಂಡಿಂಗ್ ಕೆಲಸ ಮಾಡುವ ನಾನು ಫೋಟೊ ಆಲ್ಬಂಗಳನ್ನು ಕೈಯಿಂದ ಕಟ್ಟಲು ತೊಡಗಿದಾಗ, ಪರಿಸರಸ್ನೇಹಿ ಆಲ್ಬಂ ಎಂದರೆ ಮರುಬಳಕೆಯ ಕಾಗದದ ಆಲ್ಬಂ ಎಂಬ ನಂಬಿಕೆ ಗಿರಾಕಿಗಳಲ್ಲಿ ಗಟ್ಟಿಯಾಗಿತ್ತು. ಈ ನಂಬಿಕೆ ಅರ್ಧ ಮಾತ್ರ ನಿಜ. ಹಳೆಯ ಪತ್ರಿಕೆಗಳನ್ನು ಅರೆದು ತಯಾರಿಸಿದ ಕಾಗದದಲ್ಲಿ ಲಿಗ್ನಿನ್, ಅಂದರೆ ಮರದ ನಾರುಗಳನ್ನು ಬೆಸೆದು ಹಿಡಿಯುವ ವಸ್ತು, ಉಳಿದಿರುತ್ತದೆ. ಅದು ಗಾಳಿ ಬೆಳಕಿಗೆ ಹಳದಿಯಾಗುತ್ತ, ಆಮ್ಲವನ್ನು ಬಿಡುತ್ತ, ತನ್ನ ಮೇಲೆ ಕೂರಿಸಿದ ಫೋಟೊವನ್ನೂ ಕೆಡಿಸುತ್ತದೆ. ಹತ್ತು ವರ್ಷಕ್ಕೆ ಕಸದ ಬುಟ್ಟಿ ಸೇರುವ ಆಲ್ಬಮ್ಮನ್ನು ಯಾವ ಕಾಗದದಿಂದ ಮಾಡಿದರೂ ಅದು ವ್ಯರ್ಥವೇ. ಆದ್ದರಿಂದ ಮೊಮ್ಮಕ್ಕಳ ಕಾಲಕ್ಕೂ ಉಳಿಯುವಂತೆ, ಒಂದು ಭಾಗ ಕೆಟ್ಟರೆ ಅಷ್ಟನ್ನೇ ಬಿಚ್ಚಿ ಸರಿಪಡಿಸುವಂತೆ ಕಟ್ಟುವುದನ್ನು ಮೊದಲ ನಿಯಮವಾಗಿಟ್ಟುಕೊಂಡು, ಸಾಮಗ್ರಿಗಳನ್ನು ಆ ನಿಯಮಕ್ಕೆ ತಕ್ಕಂತೆ ಆರಿಸಿಕೊಂಡೆ.

ಪುಟಗಳಿಗೆ ನಾನು ಬಳಸುವುದು ಹತ್ತಿಯ ಚಿಂದಿಯಿಂದ ತಯಾರಾದ ಕೈಕಾಗದ. ಬನಿಯನ್, ಟೀ ಶರ್ಟ್ ಹೊಲಿಯುವ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ಬಿಳಿ ಬಟ್ಟೆಯ ಚೂರುಗಳೇ ಇದರ ಕಚ್ಚಾವಸ್ತು. ಇದಕ್ಕಾಗಿ ಮರ ಕಡಿಯಬೇಕಾಗಿಲ್ಲ, ಹತ್ತಿಯ ನಾರು ಬಹುಪಾಲು ಶುದ್ಧ ಸೆಲ್ಯುಲೋಸ್ ಆಗಿರುವುದರಿಂದ ಲಿಗ್ನಿನ್ನಿನ ಕಾಟವೂ ಇಲ್ಲ. ಕಾಗದ 22 ಇಂಚು ಅಗಲ, 30 ಇಂಚು ಉದ್ದದ ಹಾಳೆಗಳಲ್ಲಿ ಬರುತ್ತದೆ. ಆಲ್ಬಮ್ಮಿನ ಅಳತೆಯನ್ನು ಮೊದಲು ನಿಶ್ಚಯಿಸಿ ಹಾಳೆಯನ್ನು ಅದಕ್ಕೆ ಕತ್ತರಿಸಿದರೆ ಅಂಚಿನ ಪಟ್ಟಿಗಳೆಲ್ಲ ದಂಡವಾಗುತ್ತವೆ. ನಾನು ಹಾಳೆಯಿಂದಲೇ ಅಳತೆಯನ್ನು ಪಡೆಯುತ್ತೇನೆ. ಒಂದು ಹಾಳೆಯನ್ನು ಆರು ಪಾಲು ಮಾಡಿದರೆ 11 ಇಂಚು ಉದ್ದ, 10 ಇಂಚು ಅಗಲದ ಆರು ತುಂಡುಗಳು ಸಿಗುತ್ತವೆ, ಒಂದು ಎಳೆಯೂ ಉಳಿಯುವುದಿಲ್ಲ. ಉದ್ದದ ಬದಿಯಲ್ಲಿ ಒಂದು ಇಂಚನ್ನು ಮಡಚಿದರೆ 10 ಇಂಚಿನ ಚೌಕ ಪುಟವಾಗುತ್ತದೆ. ಆ ಮಡಿಕೆ ಬೆನ್ನಿನ ಕಡೆಗೆ ಬರುವುದರಿಂದ ಅಲ್ಲಿ ದಪ್ಪ ಎರಡು ಪಟ್ಟಾಗಿ, ಫೋಟೊಗಳನ್ನು ಕೂರಿಸಿದ ಮೇಲೂ ಆಲ್ಬಂ ಬಾಯಿ ತೆರೆದುಕೊಂಡು ನಿಲ್ಲದೆ ಸಮನಾಗಿ ಮುಚ್ಚಿಕೊಳ್ಳುತ್ತದೆ. ಇದೇ ಕೆಲಸಕ್ಕೆ ಬೇರೆ ಬೈಂಡರ್‌ಗಳು ಪ್ರತ್ಯೇಕ ಪಟ್ಟಿಗಳನ್ನು ಕತ್ತರಿಸಿ ಅಂಟಿಸುತ್ತಾರೆ. ಮಡಿಕೆಯಿದ್ದರೆ ಆ ಪಟ್ಟಿಯೂ ಬೇಡ, ಅಂಟೂ ಬೇಡ.

ಅಂಟಿನ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಆಲ್ಬಮ್ಮಿನ ಆಯುಷ್ಯ ನಿರ್ಧಾರವಾಗುವುದು ಬಹುಮಟ್ಟಿಗೆ ಅಲ್ಲಿಯೇ. ಫೆವಿಕಾಲ್ ಜಾತಿಯ ಬಿಳಿ ಅಂಟು ಗಟ್ಟಿಯಾಗಿ ಹಿಡಿಯುತ್ತದೆ, ಆದರೆ ಒಮ್ಮೆ ಹಿಡಿದದ್ದನ್ನು ಕಾಗದ ಹರಿಯದಂತೆ ಬಿಡಿಸುವುದು ಕಷ್ಟ. ಹಳೆಯ ಬೈಂಡರ್‌ಗಳ ಮೈದಾ ಅಂಟು ನೀರು ತಾಕಿಸಿದರೆ ಸಡಿಲಾಗುತ್ತದೆ. ಅವರು ಹುಳ ಬಾರದಿರಲೆಂದು ಅದರಲ್ಲಿ ಮೈಲುತುತ್ತ ಬೆರೆಸುತ್ತಿದ್ದರು. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ಅದು ಕೆಲಸಗಾರರಿಗೂ ವಿಷ, ಫೋಟೊ ಪಕ್ಕದಲ್ಲಿ ಇರಬಾರದ ವಸ್ತುವೂ ಹೌದು, ಹಾಗಾಗಿ ನಾನು ಅದನ್ನು ಮುಟ್ಟುವುದಿಲ್ಲ. ಮೈದಾ ಹಿಟ್ಟನ್ನು ಗಟ್ಟಿಯಾಗಿ ನಾದಿ, ನೀರಿನಲ್ಲಿ ಹಿಸುಕಿ ಹಿಸುಕಿ, ಕೈಯಲ್ಲಿ ರಬ್ಬರಿನಂತೆ ಉಳಿಯುವ ಮುದ್ದೆಯನ್ನು ತೆಗೆದು, ಪಾತ್ರೆಯ ತಳಕ್ಕೆ ಕೂರುವ ಬಿಳಿ ಪಿಷ್ಟವನ್ನಷ್ಟೇ ಕಾಯಿಸಿ ಬಟ್ಟೆಯಲ್ಲಿ ಸೋಸುತ್ತೇನೆ. ಮಳೆಗಾಲದಲ್ಲಿ, ಅದರಲ್ಲೂ ಆಷಾಢದ ಜಿಟಿಜಿಟಿ ಮಳೆ ಹಿಡಿದಾಗ, ಇದಕ್ಕೆ ಬೂಸ್ಟು ಬರುವುದು ಬೇಗ. ಆಗ ನೀರು ಕಡಿಮೆ ಮಾಡಿ, ಆಯಾ ದಿನಕ್ಕೆ ಬೇಕಾದಷ್ಟನ್ನೇ ಕಾಯಿಸಿ, ಒತ್ತುಯಂತ್ರದ ಕೆಳಗೆ ಹೀರುಕಾಗದವನ್ನು ಮತ್ತೆ ಮತ್ತೆ ಬದಲಿಸುತ್ತ ಪೂರ್ತಿ ಒಣಗಿಸಬೇಕು. ಬೇಸಿಗೆಯ ಮದುವೆಯ ಆಲ್ಬಂ ಶ್ರಾವಣಕ್ಕೆ ಸಿಗುತ್ತದೆಂದು ಗಿರಾಕಿಗಳಿಗೆ ಮೊದಲೇ ತಿಳಿಸಿಬಿಡುತ್ತೇನೆ.

ಈ ಅಂಟನ್ನೂ ನಾನು ಹೊದಿಕೆಗೆ ಮಾತ್ರ ಬಳಸುತ್ತೇನೆ. ಫೋಟೊಗಳಿಗೆ ಅಂಟು ಹಚ್ಚುವುದೇ ಇಲ್ಲ. ತೆಳು ಕಾಗದದ ಚೂರುಗಳನ್ನು ಮಡಚಿ ತ್ರಿಕೋನದ ಮೂಲೆಗಳನ್ನು ಮಾಡಿ, ಫೋಟೊದ ನಾಲ್ಕು ತುದಿಗಳನ್ನು ಅವುಗಳೊಳಗೆ ಸೇರಿಸಿದರೆ ಸಾಕು. ಅಂಟುಹಾಳೆಯ ಮೇಲೆ ಫೋಟೊ ಇಟ್ಟು ಪ್ಲಾಸ್ಟಿಕ್ ಪರದೆ ಎಳೆಯುವ ಹಳೆಯ ಆಲ್ಬಂಗಳು ರಿಪೇರಿಗೆ ಬಂದಾಗ ಈ ಮೂಲೆಗಳ ಬೆಲೆ ತಿಳಿಯುತ್ತದೆ: ಫೋಟೊದ ಬೆನ್ನಿಗೂ ಹಾಳೆಗೂ ನಡುವೆ ತೆಳುವಾದ ದಾರವನ್ನು ತೂರಿಸಿ, ಎರಡೂ ತುದಿ ಹಿಡಿದು ಗರಗಸದಂತೆ ಅತ್ತಿತ್ತ ಎಳೆಯುತ್ತ, ಒಂದೊಂದನ್ನೇ ಬಿಡಿಸಬೇಕಾಗುತ್ತದೆ. ಪಿವಿಸಿ ಜೇಬುಗಳ ಆಲ್ಬಂಗಳನ್ನೂ ನಾನು ಮಾಡುವುದಿಲ್ಲ. ಪಾರದರ್ಶಕ ಹಾಳೆ ಬೇಕೇ ಬೇಕೆಂದವರಿಗೆ ಪಾಲಿಯೆಸ್ಟರ್ ಹಾಳೆ ಹಾಕಿಕೊಡುತ್ತೇನೆ, ಅದೂ ಪ್ಲಾಸ್ಟಿಕ್ಕೇ ಎಂದು ಹೇಳಿಯೇ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಸ್ಟುಡಿಯೊದಿಂದ ಬರುವ ಬಣ್ಣದ ಫೋಟೊ ಮೇಲ್ನೋಟಕ್ಕೆ ಕಾಗದದಂತೆ ಕಂಡರೂ ಅದರ ಎರಡೂ ಮೈಗೆ ಪಾಲಿಎಥಿಲೀನ್ ಲೇಪನವಿರುತ್ತದೆ, ಆದ್ದರಿಂದ ಅದು ಕೊಳೆಯುವುದೂ ಇಲ್ಲ, ರದ್ದಿ ಕಾಗದದ ಜೊತೆ ಸೇರುವುದೂ ಇಲ್ಲ. ಹತ್ತಿ ಕಾಗದದ ಆಲ್ಬಮ್ಮಿನಲ್ಲಿ ಮಣ್ಣಿಗೆ ಸೇರದ ಮುಖ್ಯ ವಸ್ತು ಫೋಟೊವೇ ಆಗಿರುವಾಗ, ನೂರಕ್ಕೆ ನೂರು ಜೈವಿಕ ಎಂಬ ಚೀಟಿ ಹಚ್ಚಿ ಮಾರುವುದು ನನಗೆ ಒಪ್ಪಿಗೆಯಿಲ್ಲ. ಹತ್ತಿ ಕಾಗದದ ಮೇಲೆಯೇ ಪಿಗ್ಮೆಂಟ್ ಶಾಯಿಯಲ್ಲಿ ಮುದ್ರಿಸುವ ದಾರಿಯೊಂದಿದೆ, ಖರ್ಚು ಹೆಚ್ಚು. ಎಲ್ಲರಿಗೂ ಎಟಕುವ ಉಪಾಯವೆಂದರೆ ಫೋಟೊಗಳನ್ನು ಕಡಿಮೆ ಮಾಡುವುದು. ಮದುವೆಯಲ್ಲಿ ಸಾವಿರಗಟ್ಟಲೆ ತೆಗೆದ ಚಿತ್ರಗಳಲ್ಲಿ ಅರವತ್ತನ್ನು ಆರಿಸಿಕೊಂಡು ಬನ್ನಿ ಎನ್ನುತ್ತೇನೆ. ಅದಕ್ಕಾಗಿ ಮನೆಯಲ್ಲಿ ನಡೆಯುವ ಜಗಳ ನನ್ನ ವ್ಯಾಪ್ತಿಗೆ ಬರುವುದಿಲ್ಲ.

ಹೊದಿಕೆಗೆ ಗರಗದ ಖಾದಿ, ಗುಳೇದಗುಡ್ಡದ ಖಣ, ಇಲ್ಲವೇ ಮನೆಯವರೇ ತಂದುಕೊಡುವ ಹಳೆಯ ಇಳಕಲ್ ಸೀರೆ. ಸೀರೆಯನ್ನು ಕತ್ತರಿಸುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಒಂದು ಮೂಲೆಯನ್ನು ಉಜ್ಜಿ ನೋಡುತ್ತೇನೆ. ಕೆಂಪು ಸೆರಗು ಬಣ್ಣ ಬಿಡುವುದಾದರೆ ಅದನ್ನು ಹಸಿ ಅಂಟಿಗೆ ತಾಕಿಸುವಂತಿಲ್ಲ. ಬಣ್ಣ ನಿಲ್ಲುವ ಬಟ್ಟೆಯನ್ನು ಗಾಜಿನ ಮೇಲೆ ಮಗುಚಿ ಹಾಸಿ, ಬೆನ್ನಿಗೆ ತೆಳು ಕಾಗದವನ್ನು ಗಟ್ಟಿ ಅಂಟಿನಿಂದ ಕೂಡಿಸಿ, ಹಲಗೆಯ ಮೇಲೆ ಬಿಗಿಯಾಗಿ ಒಣಗಿಸಿದ ಮೇಲೆ ರಟ್ಟಿಗೆ ಹೊದಿಸುತ್ತೇನೆ. ತಮ್ಮ ಸೀರೆಯನ್ನು ಮೊಮ್ಮಗಳ ಆಲ್ಬಮ್ಮಿಗೆ ಕೊಟ್ಟ ಅಜ್ಜಿಯೊಬ್ಬರು, "ತಮ್ಮಾ, ಉಳದ ಸೀರಿ ಏನ ಮಾಡ್ತಿ?" ಎಂದು ಅನುಮಾನದಿಂದಲೇ ಕೇಳಿದ್ದರು. ಉಳಿದದ್ದರಿಂದ ಆಲ್ಬಂ ಇಡುವ ಚೀಲವನ್ನು ಹೊಲಿಸಿದೆ. ಅಂದಿನಿಂದ ಪ್ಲಾಸ್ಟಿಕ್ ಪೆಟ್ಟಿಗೆ ಕೊಡುವುದನ್ನೇ ನಿಲ್ಲಿಸಿದ್ದೇನೆ. ಹೊದಿಕೆಯ ಒಳಗಿನ ರಟ್ಟು ಮಾತ್ರ ರದ್ದಿ ಕಾಗದದ್ದೇ. ಅದರ ಆಮ್ಲ ಪುಟಗಳಿಗೆ ಹತ್ತದಂತೆ ಒಳಬದಿಗೆ ಹತ್ತಿ ಕಾಗದದ ಎರಡು ಪದರ ಹಾಕುತ್ತೇನೆ.

ಪುಟಗಳನ್ನೂ ರಟ್ಟುಗಳನ್ನೂ ಜೇನುಮೇಣ ಉಜ್ಜಿದ ಹತ್ತಿ ದಾರದಿಂದ ಮೂರು ತೂತುಗಳಲ್ಲಿ ಕಟ್ಟಿ, ಗಂಟನ್ನು ಬೆನ್ನಿನ ಹೊರಗೆ ಕಾಣುವಂತೆ ಬಿಡುತ್ತೇನೆ, ಇದರಿಂದ ಪುಟ ಸೇರಿಸುವುದಕ್ಕಾಗಲಿ ಕೆಟ್ಟ ಪುಟವನ್ನು ತೆಗೆಯುವುದಕ್ಕಾಗಲಿ ಗಂಟು ಬಿಚ್ಚಿದರೆ ಸಾಕು. ಪ್ರತಿ ಆಲ್ಬಮ್ಮಿನ ಜೊತೆ ಎರಡು ಖಾಲಿ ಪುಟ ಮತ್ತು ಒಂದು ಸುತ್ತು ದಾರವನ್ನು ಕೊಟ್ಟು, ಯಾವ ಅಂಟು, ಯಾವ ಕಾಗದ ಬಳಸಿದೆ ಎಂಬುದನ್ನು ಹಿಂದಿನ ರಟ್ಟಿನ ಒಳಗೆ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ. ಮುಂದೆ ರಿಪೇರಿ ಮಾಡುವವರು ನಾನೇ ಆಗಿರಬೇಕೆಂದಿಲ್ಲ.